ಅಜ್ಜಿ, ತಾತ, ಮೊಮ್ಮಕ್ಕಳು ಎಲ್ಲರೂ ಒಂದೇ ಹಡಗಿನಲ್ಲಿ: ನಾರ್ವೆಯ ಫ್ಯೋರ್ಡ್ ಕ್ರೂಸ್‌ಗೆ ಹೊರಡುವ ಮುನ್ನ

[ದೃಶ್ಯ: ಕಡಿದಾದ ಎರಡು ಬೆಟ್ಟಗಳ ನಡುವೆ ನಿಧಾನವಾಗಿ ಸಾಗುತ್ತಿರುವ ಬಿಳಿ ಹಡಗು]

ನಮಸ್ಕಾರ. ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ ಅಮ್ಮ ಇದ್ದಾರೆ, ಅವರಿಗೆ ಮಂಡಿ ನೋವು. ಆರು ವರ್ಷದ ಮಗು ಇದೆ, ಒಂದು ಕಡೆ ಕೂರುವುದೇ ಇಲ್ಲ. ನಿಮಗೆ ಸಿಗುವುದು ಒಂದು ವಾರದ ರಜೆ. ಇಷ್ಟೂ ಜನ ಒಟ್ಟಿಗೆ ಹೋಗಿ, ಯಾರೂ ಮುಖ ಸಣ್ಣ ಮಾಡಿಕೊಳ್ಳದೆ ವಾಪಸ್ ಬರುವಂಥ ಜಾಗ ಯಾವುದು ಅಂತ ಕೇಳಿದರೆ, ನಾನು ಹೇಳುವುದು ನಾರ್ವೆಯ ಫ್ಯೋರ್ಡ್‌ಗಳು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳುಗಳು. ಅದೂ ಹಡಗಿನಲ್ಲಿ.

ಯೂರೋಪಿನ ಬೇರೆ ಪ್ರವಾಸಗಳಲ್ಲಿ ದಿನಕ್ಕೊಂದು ಹೋಟೆಲ್, ದಿನಕ್ಕೊಂದು ಸಲ ಸೂಟ್‌ಕೇಸ್ ಕಟ್ಟುವುದು, ಕಲ್ಲು ಹಾಸಿದ ಬೀದಿಯಲ್ಲಿ ಮೈಲಿಗಟ್ಟಲೆ ನಡೆಯುವುದು. ವಯಸ್ಸಾದವರು ಮೂರನೇ ದಿನಕ್ಕೇ "ನೀವು ಹೋಗಿ ಬನ್ನಿ, ನಾವು ರೂಮಲ್ಲೇ ಇರ್ತೀವಿ" ಅನ್ನುತ್ತಾರೆ. ಫ್ಯೋರ್ಡ್‌ನಲ್ಲಿ ಹಾಗಿಲ್ಲ. ರೂಮಲ್ಲೇ ಕೂತರೂ ಬೆಟ್ಟ, ಜಲಪಾತ, ಊರುಗಳು ಒಂದೊಂದಾಗಿ ಕಿಟಕಿ ಮುಂದೆ ಬರುತ್ತವೆ. ನಡೆಯಲಾಗದವರಿಗೂ ಪೂರ್ತಿ ಪಾಲು ಸಿಗುವ ಪ್ರವಾಸ ಇದು. ಹಾಗಾಗಿ ಹಡಗನ್ನು ಆರಿಸುವಾಗ ನೀರಿನ ಜಾರುಬಂಡೆ ಎಷ್ಟಿದೆ ಅಂತ ನೋಡುವ ಮೊದಲು, ಅದು ಯಾವ ಫ್ಯೋರ್ಡ್ ಒಳಗೆ ಎಷ್ಟು ದೂರ, ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ನೋಡಿ.

ಲಂಡನ್, ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್ ಕಡೆ ಇರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರಲ್ಲ, ಈ ವಿಡಿಯೋ ಮುಖ್ಯವಾಗಿ ಅಂಥ ಮನೆಗಳಿಗೆ. ಬೆಂಗಳೂರು, ಮೈಸೂರಿನಿಂದಲೇ ಹೊರಡುವವರಿಗೂ ಉಪಯೋಗಕ್ಕೆ ಬರುತ್ತದೆ.

[ದೃಶ್ಯ: ನಾರ್ವೆಯ ಪಶ್ಚಿಮ ಕರಾವಳಿಯ ನಕ್ಷೆ. ಸಮುದ್ರದಿಂದ ಒಳನಾಡಿಗೆ ಚಾಚಿದ ನೀಲಿ ಗೆರೆಗಳು]

ಮೊದಲು ಫ್ಯೋರ್ಡ್ ಅಂದರೆ ಏನು ಅಂತ ನೋಡೋಣ. ಹಿಮಯುಗದಲ್ಲಿ ಇಲ್ಲಿನ ಕಣಿವೆಗಳಲ್ಲಿ ಭಾರಿ ಹಿಮನದಿಗಳು ತುಂಬಿಕೊಂಡಿದ್ದವು. ಮಂಜುಗಡ್ಡೆ ತನ್ನ ಭಾರಕ್ಕೆ ನಿಧಾನವಾಗಿ ಕೆಳಗೆ ಜಾರುತ್ತಾ, ಕಣಿವೆಯ ತಳವನ್ನೂ ಗೋಡೆಗಳನ್ನೂ ಕೊರೆಯಿತು. ಮಂಜು ಕರಗಿ ಹಿಂದೆ ಸರಿದ ಮೇಲೆ ಆ ಜಾಗಕ್ಕೆ ಸಮುದ್ರ ನುಗ್ಗಿತು. ಸೋಗ್ನೆಫ್ಯೋರ್ಡ್ ಇವುಗಳಲ್ಲಿ ನಾರ್ವೆಗೇ ಉದ್ದವಾದದ್ದು. ಸಮುದ್ರದಿಂದ 200 ಕಿಲೋಮೀಟರ್‌ಗಿಂತ ಜಾಸ್ತಿ ಒಳಗೆ ಹೋಗುತ್ತದೆ, ಆಳ 1,300 ಮೀಟರ್ ಮುಟ್ಟುತ್ತದೆ. ಸಮುದ್ರ ಸೇರುವ ಬಾಯಿಯಲ್ಲಿ ಮಾತ್ರ ಆಳ ತುಂಬಾ ಕಡಿಮೆ. ಹಿಮನದಿ ಒಳಗೆ ದಪ್ಪವಾಗಿತ್ತು, ಬಾಯಿಯ ಹತ್ತಿರ ತೆಳುವಾಗಿತ್ತು, ಅದಕ್ಕೇ ಹೀಗೆ.

ಈ ಆಳದಿಂದಲೇ ಸಾವಿರಾರು ಜನರನ್ನು ಹೊತ್ತ ಹಡಗು ಬಂಡೆಯ ಗೋಡೆಗೆ ಅಷ್ಟು ಹತ್ತಿರ ಹೋಗಬಹುದು. ಇನ್ನೊಂದು ಲಾಭ ವಯಸ್ಸಾದವರಿಗೆ. ಫ್ಯೋರ್ಡ್ ಒಳಗೆ ಸುತ್ತಲೂ ಬೆಟ್ಟ ಇರುವುದರಿಂದ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹಡಗು ಹೊಯ್ದಾಡುವುದು ಉತ್ತರ ಸಮುದ್ರ ದಾಟುವಾಗ. ಇಂಗ್ಲೆಂಡಿನ ಸೌಥ್ಯಾಂಪ್ಟನ್‌ನಿಂದ ಹೊರಟರೆ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಬರೀ ಸಮುದ್ರವೇ. ವಾಕರಿಕೆಯ ಭಯ ಇದ್ದರೆ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಕೋಣೆ ತೆಗೆದುಕೊಳ್ಳಿ. ಅಲ್ಲಿ ಅಲುಗಾಟ ಕಡಿಮೆ. ವಾಕರಿಕೆಯ ಮಾತ್ರೆ ನಿದ್ದೆ ಬರಿಸುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಲಿ.

[ದೃಶ್ಯ: ಬೆಳಗಿನ ಜಾವ, ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತ ಅಜ್ಜಿ, ಎದುರಿಗೆ ಜಲಪಾತ]

ಈಗ ಈ ಪ್ರವಾಸದ ಜೀವಾಳಕ್ಕೆ ಬರೋಣ. ಬಂದರಿಗೆ ಬೆಳಿಗ್ಗೆ ಏಳೆಂಟು ಗಂಟೆಗೆ ತಲುಪುವ ಹಡಗು ಫ್ಯೋರ್ಡ್ ಒಳಗೆ ಬರುವುದು ನಸುಕಿನಲ್ಲಿ. ಆಗ ಹಡಗಿನ ಬಹುಪಾಲು ಜನ ಮಲಗಿರುತ್ತಾರೆ. ನಮ್ಮ ಹಿರಿಯರು? ಐದು ಗಂಟೆಗೆ ಎದ್ದು ಕಾಫಿಗೆ ಕಾಯುತ್ತಿರುತ್ತಾರೆ, ಅಲ್ವಾ? ಎಲ್ಲರಿಗಿಂತ ಒಳ್ಳೆಯ ನೋಟ ಸಿಗುವುದು ಅವರಿಗೇ. ಜೂನ್‌ನಲ್ಲಿ ಆ ಹೊತ್ತಿಗೆ ಚೆನ್ನಾಗಿ ಬೆಳಕಾಗಿರುತ್ತದೆ. ದುಡ್ಡು ನೋಡಿ ಒಂದೇ ಒಂದು ಬಾಲ್ಕನಿ ಕೋಣೆ ತೆಗೆದುಕೊಳ್ಳಲು ಸಾಧ್ಯ ಅನ್ನುವುದಾದರೆ ಅದನ್ನು ಅಜ್ಜಿ ತಾತನಿಗೆ ಕೊಡಿ. ನೀವು, ಮಕ್ಕಳು ಅದೇ ಮಹಡಿಯಲ್ಲಿ ಕಿಟಕಿ ಇಲ್ಲದ ಕೋಣೆಯಲ್ಲಿ ಮಲಗಿ. ನಸುಕಿಗೆ ಎಲ್ಲರೂ ಅವರ ಬಾಲ್ಕನಿಗೆ ಸೇರಿ. ಈ ಹಂಚಿಕೆ ನನಗೆ ತುಂಬಾ ಇಷ್ಟ. ಮನೆಯ ಹಿರಿಯರ ಕೋಣೆಯೇ ಎಲ್ಲರೂ ಸೇರುವ ಜಾಗ ಆಗುತ್ತದೆ.

ಗೈರಾಂಗರ್ ಫ್ಯೋರ್ಡನ್ನೇ ತೆಗೆದುಕೊಳ್ಳಿ. ಉದ್ದ ಬರೀ 15 ಕಿಲೋಮೀಟರ್. 2005ರಲ್ಲಿ ಇದೂ ನೇರೋಯ್ ಫ್ಯೋರ್ಡೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳಗೆ ಬರುತ್ತಿದ್ದಂತೆ ಒಂದು ಗೋಡೆಯ ಮೇಲಿಂದ ಏಳು ಧಾರೆಗಳು ಪಕ್ಕಪಕ್ಕದಲ್ಲೇ ಬೀಳುತ್ತವೆ. ಏಳು ಅಕ್ಕತಂಗಿಯರು ಅಂತ ಅದರ ಹೆಸರು. ಎದುರಿನ ಗೋಡೆಯಲ್ಲಿ ಒಂಟಿ ಜಲಪಾತ ಒಂದಿದೆ, ಅವನು ಹೆಣ್ಣು ಕೇಳಲು ಬಂದ ಗಂಡು. ಏಳು ಜನರನ್ನೂ ಒಬ್ಬೊಬ್ಬರಾಗಿ ಕೇಳಿದನಂತೆ, ಎಲ್ಲರೂ ಬೇಡ ಅಂದರಂತೆ. ಆ ದುಃಖಕ್ಕೆ ಅವನು ಬಾಟಲಿ ಹಿಡಿದ ಅಂತ ಕಥೆ. ಅವನ ಜಲಪಾತದ ಮಧ್ಯೆ ಬಾಟಲಿಯ ಆಕಾರ ಕಾಣುತ್ತದೆ. ಮೊಮ್ಮಕ್ಕಳಿಗೆ ತೋರಿಸಿ, ಅವರೇ ಹುಡುಕುತ್ತಾರೆ.

ಆ ಗೋಡೆಗಳ ಮೇಲೆ, ನೀರಿನಿಂದ ನೂರಾರು ಮೀಟರ್ ಎತ್ತರದಲ್ಲಿ, ಪುಟ್ಟ ಮರದ ಮನೆಗಳು ಕಾಣುತ್ತವೆ. ಒಂದು ಕಾಲದಲ್ಲಿ ಜನ ಅಲ್ಲೇ ಮೇಕೆ ಸಾಕಿ, ಹುಲ್ಲು ಕೊಯ್ದು ಬದುಕುತ್ತಿದ್ದರು. ಚಿಕ್ಕ ಮಕ್ಕಳು ಅಂಚಿನಿಂದ ಬೀಳದಿರಲಿ ಅಂತ ಅವರನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು ಅಂತ ಅಲ್ಲಿ ಹೇಳುತ್ತಾರೆ. ಸ್ಕಾಗೆಫ್ಲೋ ಎಂಬ ಮನೆಗೆ ಹತ್ತಬೇಕಾದರೆ ಏಣಿ ಬೇಕಿತ್ತಂತೆ, ತೆರಿಗೆಯವನು ಬರುವುದು ಕಂಡರೆ ಏಣಿಯನ್ನು ಮೇಲೆ ಎಳೆದುಕೊಳ್ಳುತ್ತಿದ್ದರಂತೆ. ಈ ಮನೆ 1916ರಲ್ಲಿ ಖಾಲಿಯಾಯಿತು. 1993ರಲ್ಲಿ ನಾರ್ವೆಯ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ 25ನೇ ವರ್ಷವನ್ನು ಇಲ್ಲೇ ಆಚರಿಸಿದರು.

ಬೆಟ್ಟಗಳು ಚೆಂದ ಮಾತ್ರ ಅಲ್ಲ, ಭಯಂಕರವೂ ಹೌದು. 1934ರ ಏಪ್ರಿಲ್‌ನಲ್ಲಿ ಹತ್ತಿರದ ತಾಫ್ಯೋರ್ಡ್‌ನಲ್ಲಿ ಬೆಟ್ಟದ ಒಂದು ಭಾಗ ಕುಸಿದು ನೀರಿಗೆ ಬಿತ್ತು. ಎದ್ದ ಅಲೆಗೆ 40 ಜನ ಸತ್ತರು. ಗೈರಾಂಗರ್‌ಗೆ ಹೋಗುವ ದಾರಿಯಲ್ಲಿ ಓಕರ್ನೆಸೆಟ್ ಎಂಬ ಬೆಟ್ಟದಲ್ಲೂ ಬಿರುಕು ಇದೆ. ಅದು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ, ಉಪಕರಣಗಳು ಹಗಲು ರಾತ್ರಿ ಅದನ್ನು ಕಾಯುತ್ತಿವೆ.

ಒಂದು ಹೊಸ ವಿಷಯ. ಈ ಪರಂಪರೆಯ ಫ್ಯೋರ್ಡ್‌ಗಳಲ್ಲಿ ಹೊಗೆ ತುಂಬಬಾರದು ಅಂತ ನಾರ್ವೆ ಕಟ್ಟುನಿಟ್ಟಿನ ನಿಯಮ ತಂದಿದೆ. 10,000 ಗ್ರಾಸ್ ಟನ್‌ಗಿಂತ (ಇದು ಹಡಗಿನ ಗಾತ್ರದ ಅಳತೆ) ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1ರಿಂದ, ದೊಡ್ಡವಕ್ಕೆ 2032ರಿಂದ. ಇಂಥ ಕಡೆ ಹಡಗಿನವರು ಮಾರ್ಗ ಬದಲಿಸುವುದುಂಟು. ಹಾಗಾಗಿ ಬುಕ್ ಮಾಡುವಾಗ ಜಾಹೀರಾತಿನ ಫೋಟೋ ನಂಬಬೇಡಿ, ಆ ತಾರೀಖಿನ ಬಂದರುಗಳ ಪಟ್ಟಿ ಓದಿ.

[ದೃಶ್ಯ: ಹಸಿರು ಬಣ್ಣದ ರೈಲು, ಪಕ್ಕದಲ್ಲೇ ನಿಂತ ಹಡಗು]

ಬಂದರಿನಲ್ಲಿ ಇಳಿದ ಮೇಲೆ ಏನು ಮಾಡಬೇಕು? ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಎಂಬ ಹಟ ಬಿಡಿ. ಇಡೀ ಬಳಗಕ್ಕೆ ಹೊಂದುವ ಜಾಗ ಒಂದಿದೆ, ಫ್ಲೋಮ್. ಹಡಗು ನಿಲ್ಲುವ ಕಡೆಯಿಂದ ರೈಲು ನಿಲ್ದಾಣಕ್ಕೆ ಕೆಲವೇ ನಿಮಿಷದ ನಡಿಗೆ, ಅದೂ ಸಮತಟ್ಟು. ಫ್ಲೋಮ್‌ನಿಂದ ಮಿರ್ದಾಲ್‌ಗೆ 20 ಕಿಲೋಮೀಟರ್ ರೈಲು ದಾರಿ, 20 ಸುರಂಗ. ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಸಮುದ್ರಮಟ್ಟದಿಂದ 860 ಮೀಟರ್‌ಗೂ ಮೇಲೆ ಹತ್ತುತ್ತದೆ. ಹಲ್ಲುಚಕ್ರದ ಸಹಾಯ ಇಲ್ಲದೆ, ಮಾಮೂಲಿ ಹಳಿಯ ಮೇಲೆ ಇಷ್ಟು ಕಡಿದಾಗಿ ಹತ್ತುವ ರೈಲು ದಾರಿಗಳು ಜಗತ್ತಿನಲ್ಲೇ ಕಡಿಮೆ. ಮಧ್ಯೆ ಷೋಸ್‌ಫೊಸೆನ್ ಜಲಪಾತದ ಎದುರು ರೈಲು ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹಾಡು ಕೇಳಿಬರುತ್ತದೆ, ಬಂಡೆಯ ಮೇಲೆ ಕೆಂಪು ಬಟ್ಟೆಯ ಹೆಂಗಸೊಬ್ಬಳು ಕುಣಿಯುತ್ತಾಳೆ. ಅವಳು ನಾರ್ವೆಯ ಜನಪದ ಕಥೆಗಳ ಹುಲ್ದ್ರಾ. ನಮ್ಮ ಮೋಹಿನಿಯ ಹಾಗೆ ಗಂಡಸರನ್ನು ಮರುಳು ಮಾಡಿ ಕಾಡಿಗೆ ಕರೆದೊಯ್ಯುವವಳು, ಬೆನ್ನ ಹಿಂದೆ ಹಸುವಿನ ಬಾಲ ಇರುತ್ತದೆ. ಮಕ್ಕಳು ಇದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಅಲ್ಲಿನ ಪ್ಲಾಟ್‌ಫಾರಂ ಸದಾ ಒದ್ದೆ, ಹಿರಿಯರ ಕೈ ಹಿಡಿದುಕೊಳ್ಳಿ. ಹಡಗು ಬಂದ ದಿನ ರೈಲಿನ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲೇ ತೆಗೆದಿಡಿ.

ನಡೆಯುವ ಹುಮ್ಮಸ್ಸು ಇರುವವರಿಗೆ ಸ್ಟಾವಂಗರ್ ಹತ್ತಿರ ಪ್ರೈಕೆಸ್ಟೋಲನ್ ಬಂಡೆ ಇದೆ, ಲೀಸೆಫ್ಯೋರ್ಡ್‌ನಿಂದ ನೇರ 604 ಮೀಟರ್ ಮೇಲೆ. ಕಾಲೇಜಿಗೆ ಹೋಗುವ ಮಕ್ಕಳು ಅಲ್ಲಿಗೆ ಹೋಗಲಿ, ಉಳಿದವರು ದೋಣಿಯಲ್ಲಿ ಕೆಳಗಿನಿಂದ ಅದೇ ಬಂಡೆ ನೋಡಲಿ. ಓಲ್ಡನ್‌ನಲ್ಲಿ ಹಡಗು ನಿಂತರೆ ಹತ್ತಿರದ ಲೂಯನ್‌ಗೆ ಹೋಗಿ. 2017ರಲ್ಲಿ ಶುರುವಾದ ಅಲ್ಲಿನ ಕೇಬಲ್ ಕಾರ್ ಕೆಲವೇ ನಿಮಿಷದಲ್ಲಿ 1,011 ಮೀಟರ್ ಎತ್ತರಕ್ಕೆ ಕರೆದೊಯ್ಯುತ್ತದೆ. ಮಂಡಿ ನೋವಿನವರಿಗೆ ಬೆಟ್ಟದ ತುದಿ ಮುಟ್ಟಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಓಲೆಸುಂಡ್ ಊರು 1904ರ ಜನವರಿಯ ಒಂದೇ ರಾತ್ರಿ ಸುಟ್ಟುಹೋಗಿ ಸುಮಾರು 10,000 ಜನ ಮನೆ ಕಳೆದುಕೊಂಡರು. ಕೆಲವೇ ವರ್ಷಗಳಲ್ಲಿ ಕಲ್ಲು ಇಟ್ಟಿಗೆಯಲ್ಲಿ, ಗೋಪುರ ಬಳ್ಳಿಚಿತ್ರಗಳ ಶೈಲಿಯಲ್ಲಿ ಮತ್ತೆ ಕಟ್ಟಿದರು. ಬೀದಿ ಸುತ್ತಿದರೇ ಸಾಕು. ಅಕ್ಸ್ಲಾ ಗುಡ್ಡಕ್ಕೆ 418 ಮೆಟ್ಟಿಲು, ಆದರೆ ವಾಹನವೂ ಹೋಗುತ್ತದೆ. ಬರ್ಗನ್‌ನಲ್ಲಿ ಹಳೆಯ ವ್ಯಾಪಾರಿಗಳ ಮರದ ಮನೆಗಳಿವೆ, ಬ್ರಿಗನ್ ಅಂತ. 1918ರಿಂದ ಓಡುತ್ತಿರುವ ಫ್ಲೋಯ್‌ಬಾನೆನ್ ಟ್ರೈನ್ ಊರ ಮಧ್ಯದಿಂದಲೇ ಗುಡ್ಡ ಹತ್ತಿಸುತ್ತದೆ. ಮೇಲೆ ಮಕ್ಕಳಿಗೆ ಆಟದ ಜಾಗ ಇದೆ. ಆದರೆ ಬರ್ಗನ್‌ನಲ್ಲಿ ವರ್ಷದ 200 ದಿನಕ್ಕಿಂತ ಜಾಸ್ತಿ ಮಳೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ ಎಲ್ಲರಿಗೂ ಬೇಕು. ಸೀರೆ ಉಡುವವರು ಒಳಗೆ ಥರ್ಮಲ್, ಕಾಲಿಗೆ ಜಾರದ ಬೂಟು ಹಾಕಿಕೊಂಡರೆ ಆರಾಮಾಗಿ ಓಡಾಡಬಹುದು.

ಕೆಲವು ಕಡೆ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಗಾಲಿಕುರ್ಚಿ ಬಳಸುವವರಿದ್ದರೆ ಯಾವ ಬಂದರಿನಲ್ಲಿ ಹೀಗೆ ಅಂತ ಮೊದಲೇ ಕೇಳಿ. ಅಲೆ ಇದ್ದರೆ ಅವರನ್ನು ಇಳಿಸದೆ ಇರಬಹುದು. ಇನ್ನೊಂದು ಎಚ್ಚರಿಕೆ. ಸ್ವಂತವಾಗಿ ಸುತ್ತಲು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಮಕ್ಕಳು ಮುದುಕರು ಜೊತೆಗಿದ್ದರೆ ಒಂದೂವರೆ ಗಂಟೆ ಮೊದಲೇ ಬಂದರಿಗೆ ಬನ್ನಿ.

[ದೃಶ್ಯ: ಹಡಗಿನ ಊಟದ ಹಾಲ್, ಮೂರು ತಲೆಮಾರು ಒಂದೇ ಮೇಜಿನಲ್ಲಿ]

ಊಟದ ಚಿಂತೆ ನಮ್ಮವರಿಗೆ ಜಾಸ್ತಿ. ದೊಡ್ಡ ಹಡಗುಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಬುಕಿಂಗ್ ಮಾಡುವಾಗಲೇ ಬರೆಸಿ, ಹತ್ತಿದ ದಿನ ಊಟದ ಮೇಲ್ವಿಚಾರಕರನ್ನು ಕಂಡು ಇನ್ನೊಮ್ಮೆ ಹೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇದನ್ನು ಖಂಡಿತ ಮಾಡಬೇಕು. ಎಲೆಕ್ಟ್ರಿಕ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಳ್ಳಿ. ಆದರೆ ಭಾರತದಿಂದ ತುಪ್ಪ, ಪೇಡ ಬೇಡ. ಯೂರೋಪಿನ ಆರ್ಥಿಕ ವಲಯದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದು ನಾರ್ವೆಯಲ್ಲಿ ನಿಷೇಧ. ಔಷಧಿ ಮಾತ್ರ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಗೆ.

ಯಾವಾಗ ಹೋಗಬೇಕು? ಹಿಮ ಕರಗುವ ಮೇ ಕೊನೆ ಮತ್ತು ಜೂನ್‌ನಲ್ಲಿ ಜಲಪಾತಗಳು ತುಂಬಿರುತ್ತವೆ. ಆಗಸ್ಟ್‌ಗೆ ಏಳು ಅಕ್ಕತಂಗಿಯರಲ್ಲಿ ಕೆಲವರು ಕಾಣುವುದೇ ಕಷ್ಟ. ಮೇ ಕೊನೆಯ ವಾರ ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಇಂಗ್ಲೆಂಡಿನ ಶಾಲೆಗಳಿಗೆ ಆಗ ಒಂದು ವಾರ ರಜೆ, ಕರ್ನಾಟಕದಲ್ಲೂ ಬೇಸಿಗೆ ರಜೆ ಮುಗಿಯುವ ಹೊತ್ತು, ಹಾರ್ಡಾಂಗರ್ ಕಡೆ ಸೇಬಿನ ತೋಟಗಳು ಹೂ ಬಿಟ್ಟಿರುತ್ತವೆ.

ಕೊನೆಗೆ ವೀಸಾ. ಎಲ್ಲರೂ ಎಡವುವುದು ಇಲ್ಲೇ. ನಾರ್ವೆ ಯೂರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿ ಇದೆ. ಹ್ಯಾಂಬರ್ಗ್, ಕೀಲ್, ಕೋಪನ್‌ಹೇಗನ್‌ನಿಂದ ಹಡಗು ಹತ್ತಿದರೆ ಅಪ್ಪ ಅಮ್ಮನಿಗೆ ಷೆಂಗನ್ ವೀಸಾ ಒಂದೇ ಸಾಕು. ಸೌಥ್ಯಾಂಪ್ಟನ್‌ನಿಂದ ಹತ್ತಿದರೆ ಬ್ರಿಟನ್ ವೀಸಾ ಬೇರೆ, ಷೆಂಗನ್ ಬೇರೆ, ಎರಡೂ ಬೇಕು. ಷೆಂಗನ್ ಅರ್ಜಿಯನ್ನು ಸಾಮಾನ್ಯವಾಗಿ ತಾವು ವಾಸವಿರುವ ದೇಶದಲ್ಲೇ ಹಾಕಬೇಕು. ಬ್ರಿಟನ್‌ಗೆ ಬಂದ ಮೇಲೆ ನೋಡಿಕೊಳ್ಳೋಣ ಅಂದರೆ ಆಗುವುದಿಲ್ಲ, ಅವರು ಭಾರತದಲ್ಲಿ ಇರುವಾಗಲೇ ಮಾಡಿಸಿ. ಪ್ರವಾಸಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆ ಕ್ರೂಸ್‌ಗೂ, ಮೊದಲಿಂದ ಇರುವ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೂ ಅನ್ವಯಿಸುತ್ತದಾ ಅಂತ ಓದಿ ನೋಡಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಅವರ ಬಿಲ್ ದುಬಾರಿ.

ನಿಮ್ಮ ಮನೆಯಲ್ಲಿ ಯಾರ್‍ಯಾರು ಹೊರಡುತ್ತಿದ್ದೀರಿ, ಯಾವ ಊರಿಂದ ಅಂತ ಕೆಳಗೆ ಬರೆಯಿರಿ. ಬಂದರುಗಳ ಪಟ್ಟಿಯನ್ನೂ ಹಾಕಿದರೆ, ಹಿರಿಯರಿಗೆ ಎಲ್ಲಿ ಏನು ಹೊಂದುತ್ತದೆ ಅಂತ ಹೇಳುತ್ತೇನೆ. ನಮಸ್ಕಾರ.