ಪ್ಯಾಮ್‌ಗೆ ಇಬ್ಬರು ಅಮ್ಮಂದಿರೇಕೆ? ‘ದಿ ಆಫೀಸ್’ನ ಕಂಟಿನ್ಯುಟಿ ಕಥೆ

[ತೆರೆಯ ಮೇಲೆ: ಇಬ್ಬರು ನಟಿಯರ ಚಿತ್ರ, ಅಕ್ಕಪಕ್ಕ]

ನಮಸ್ಕಾರ. ಈ ಇಬ್ಬರನ್ನು ಸರಿಯಾಗಿ ನೋಡಿಕೊಳ್ಳಿ. ಎಡಗಡೆ ಶಾನನ್ ಕೊಕ್ರನ್, ಬಲಗಡೆ ಲಿಂಡಾ ಪರ್ಲ್. ಅಮೆರಿಕದ ‘ದಿ ಆಫೀಸ್’ ಹಾಸ್ಯ ಧಾರಾವಾಹಿಯಲ್ಲಿ ಇಬ್ಬರದೂ ಒಂದೇ ಪಾತ್ರ: ರಿಸೆಪ್ಷನಿಸ್ಟ್ ಪ್ಯಾಮ್‌ಳ ತಾಯಿ. 2005ರಲ್ಲಿ ಮಗಳನ್ನು ನೋಡಲು ಕಚೇರಿಗೆ ಬಂದ ಅಮ್ಮನೇ ಬೇರೆ, 2009ರಲ್ಲಿ ನಯಾಗರಾದಲ್ಲಿ ನಡೆದ ಪ್ಯಾಮ್‌ಳ ಮದುವೆಗೆ ಬಂದ ಅಮ್ಮನೇ ಬೇರೆ. ಕಥೆಯೊಳಗೆ ಯಾರೂ ಚಕಾರ ಎತ್ತುವುದಿಲ್ಲ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಮುಖ, ವಸ್ತು, ಜಾಗ ಎಲ್ಲವೂ ಹೊಂದಿಕೊಂಡಿರಬೇಕು ಎನ್ನುವುದೇ ‘ಕಂಟಿನ್ಯುಟಿ’; ಇಲ್ಲಿ ಅದು ತಪ್ಪಿದೆ.

ಪ್ಯಾಮ್‌ಳ ಸಹೋದ್ಯೋಗಿ ಮೆರೆಡಿತ್ ಪಾತ್ರವೂ ಹೀಗೆಯೇ. ಮೊದಲ ಕಂತಿನಲ್ಲಿ ಹೆನ್ರಿಯೆಟ್ ಮ್ಯಾಂಟೆಲ್, ಮುಂದೆಲ್ಲ ಕೇಟ್ ಫ್ಲ್ಯಾನರಿ. ಧಾರಾವಾಹಿ 2013ರವರೆಗೆ 201 ಕಂತು ಓಡುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

[ತೆರೆಯ ಮೇಲೆ: ಮೇಜು, ಕಾಫಿ ಮಗ್, ಕಾಗದಗಳು]

ಇನ್ನು ಮೇಜಿನ ಮೇಲಿನ ತಪ್ಪುಗಳು. ಒಂದೇ ದೃಶ್ಯವನ್ನು ಹಲವು ಸಲ ಚಿತ್ರಿಸುತ್ತಾರೆ, ಒಂದೊಂದು ಸಲವೂ ಒಂದು ಟೇಕ್. ಒಂದು ಟೇಕಿನ ಮಾತಿಗೆ ಇನ್ನೊಂದು ಟೇಕಿನ ಮುಖಭಾವವನ್ನು ಜೋಡಿಸಿದಾಗ ಮಗ್ ಜಾಗ ಬದಲಿಸುತ್ತದೆ, ಕಡತ ಮುಚ್ಚಿಕೊಳ್ಳುತ್ತದೆ. ಸಂಕಲನಕಾರರಿಗೆ ಇದು ಕಾಣುವುದಿಲ್ಲವೇ? ಖಂಡಿತ ಕಾಣುತ್ತದೆ. ಆದರೆ ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಲೆಕ್ಕ ಕೊಟ್ಟಿದ್ದಾರೆ: ಒಂದು ಕಟ್‌ನಲ್ಲಿ, ಅಂದರೆ ಎರಡು ತುಣುಕುಗಳನ್ನು ಜೋಡಿಸುವಲ್ಲಿ, ಭಾವಕ್ಕೆ ಶೇ. 51ರಷ್ಟು ತೂಕ, ವಸ್ತುಗಳು ಇದ್ದಲ್ಲೇ ಇರುವುದಕ್ಕೆ ಶೇ. 4. ಮೂರನೆಯ ಸೀಸನ್‌ನ ಆರಂಭದಲ್ಲಿ ಕಚೇರಿಯ ಬಾಸ್ ಮೈಕಲ್ ಎಲ್ಲರೆದುರು ಉದ್ಯೋಗಿ ಆಸ್ಕರ್‌ಗೆ ಮುತ್ತು ಕೊಡುತ್ತಾನಲ್ಲ, ಅದು ಸ್ಕ್ರಿಪ್ಟ್‌ನಲ್ಲಿರಲಿಲ್ಲ. ಮೈಕಲ್ ಪಾತ್ರಧಾರಿ ಸ್ಟೀವ್ ಕ್ಯಾರೆಲ್‌ಗೆ ಆ ಕ್ಷಣ ಹೊಳೆದದ್ದು. ಸುತ್ತಲಿನವರ ಆ ಬೆರಗು ಎರಡನೆಯ ಸಲ ಹುಟ್ಟುವುದಿಲ್ಲ. ಅಂಥ ಟೇಕನ್ನು ಒಂದು ಮಗ್‌ಗಾಗಿ ಬಿಡಲು ನಾನಂತೂ ಒಪ್ಪುವುದಿಲ್ಲ.

ಹಾಗೆಂದು ಈ ತಂಡ ಉದಾಸೀನ ಮಾಡಿತು ಎನ್ನಬೇಡಿ. ಕಥೆ ನಡೆಯುವುದು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ, ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ. ಹೊರಾಂಗಣದಲ್ಲಿ, ಸ್ಕ್ರ್ಯಾಂಟನ್‌ನಲ್ಲಿ ಬೆಳೆಯದ ಒಂದು ತಾಳೆಮರ ಇಣುಕಿದರೂ ಕೆಲಸ ಕೆಟ್ಟಂತೆ. ಶೀರ್ಷಿಕೆಯಲ್ಲಿ ಬರುವ ಊರು ಮಾತ್ರ ನಿಜವಾದ ಸ್ಕ್ರ್ಯಾಂಟನ್. ಪ್ಯಾಮ್‌ಳ ಪ್ರಿಯಕರ ಜಿಮ್‌ನ ಪಾತ್ರಧಾರಿ ಜಾನ್ ಕ್ರಸಿನ್ಸ್‌ಕಿಯೇ ಅಲ್ಲಿಗೆ ಹೋಗಿ ಚಿತ್ರಿಸಿಕೊಂಡು ಬಂದದ್ದು. ಬೇರೊಂದು ಚಿತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಾಗ ಅವರು ಇಲ್ಲಿ ವಿಗ್ ಹಾಕಿ ನಟಿಸಿದ್ದೂ ಉಂಟು. ಗುರುತು ಹಿಡಿದವರು ಕಡಿಮೆ.

[ತೆರೆಯ ಮೇಲೆ: ಮಳೆ, ಪೆಟ್ರೋಲ್ ಬಂಕ್]

ನನಗೆ ಬಹಳ ಇಷ್ಟವಾದದ್ದು 2008ರ ಈ ದೃಶ್ಯ. ಪ್ಯಾಮ್ ಆಗ ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದಾಳೆ. ಅರ್ಧ ದಾರಿಯ ಪೆಟ್ರೋಲ್ ಬಂಕ್‌ಗೆ ಅವಳನ್ನು ಕರೆಸಿಕೊಂಡ ಜಿಮ್, ಸುರಿಯುವ ಮಳೆಯಲ್ಲಿ ಮಂಡಿಯೂರಿ ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಹೆದ್ದಾರಿಯ ಆಚೆ ಬದಿಯಿಂದ ಕದ್ದು ಚಿತ್ರಿಸಿದಂತೆ ಕಾಣುತ್ತದೆ. ಅಲ್ಲಿ ಹೆದ್ದಾರಿಯೇ ಇಲ್ಲ! ಪೂರ್ವ ಕರಾವಳಿಯಲ್ಲಿರುವ ನಿಜವಾದ ಬಂಕ್ ಒಂದನ್ನು ನೋಡಿಕೊಂಡು, ಅದರಂತೆಯೇ ಒಂದನ್ನು ಕ್ಯಾಲಿಫೋರ್ನಿಯಾದ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಕಟ್ಟಿದರು. ಸುತ್ತಲೂ ವೃತ್ತಾಕಾರದ ರಸ್ತೆ ಮಾಡಿ ಕಾರುಗಳನ್ನು ಓಡಿಸಿದರು. ಮೇಲಿನಿಂದ ಯಂತ್ರದ ಮಳೆ. ಕ್ಯಾಲಿಫೋರ್ನಿಯಾದ ಗುಡ್ಡಗಳು ಪೂರ್ವದವುಗಳಂತೆ ಕಾಣುವುದಿಲ್ಲವೆಂದು ಹಿನ್ನೆಲೆಯನ್ನೂ ಕಂಪ್ಯೂಟರ್‌ನಲ್ಲಿ ತಿದ್ದಿದರು. ನಿರ್ಮಾಪಕ ಗ್ರೆಗ್ ಡೇನಿಯಲ್ಸ್ ಹೇಳಿರುವಂತೆ ಖರ್ಚು ಸುಮಾರು 2.5 ಲಕ್ಷ ಡಾಲರ್. ದೃಶ್ಯದ ಉದ್ದ 52 ಸೆಕೆಂಡು.

ಐದನೆಯ ಸೀಸನ್‌ನ ಮೊದಲ ಕಂತಿನಲ್ಲಿದೆ, ತೆಗೆದು ನೋಡಿ. ಜಿಮ್ ಮತ್ತು ಪ್ಯಾಮ್‌ರನ್ನು ಒಂದು ಸಲ ಬಿಟ್ಟು, ಮುಂದೆ ಹಾದುಹೋಗುವ ಕಾರುಗಳನ್ನಷ್ಟೇ ಗಮನಿಸಿ. ಅವು ಯಾವ ಊರಿಗೂ ಹೋಗುತ್ತಿಲ್ಲ, ಅಲ್ಲೇ ಸುತ್ತುತ್ತಿವೆ.