ಕೊಸರಿಗೊಂದು ಮಾಸ್ಕ್

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಮಂಡಿಪೇಟೆಗೆ ಬೆಳಗಿನ ಹೊತ್ತು ಹೋದವರು ನೋಡಿರುತ್ತೀರಿ. ಮೆಣಸಿನಕಾಯಿ ಲಾರಿ ಬಂದು ನಿಂತರೆ ಹಮಾಲರು ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ಮೂಗು ಬಾಯಿಗೆ ಬಿಗಿಯುತ್ತಾರೆ, ಆಮೇಲೆ ಚೀಲಕ್ಕೆ ಕೈ ಹಾಕುತ್ತಾರೆ. ಅದಕ್ಕೆ ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಘಾಟು ಆ ಕ್ಷಣಕ್ಕೇ ಸೀನಿಸಿ ಬುದ್ಧಿ ಕಲಿಸುತ್ತದೆ. ಕೊರೊನಾ ಹಾಗಿರಲಿಲ್ಲ. ಒಳಗೆ ಹೋಗಿ ನಾಲ್ಕೈದು ದಿನ ಸುಮ್ಮನಿದ್ದು ಆಮೇಲೆ ಜ್ವರ ಏರಿಸುತ್ತಿತ್ತು. ಅಷ್ಟರಲ್ಲಿ ಅದು ಯಾವ ಅಂಗಡಿಯಲ್ಲಿ, ಯಾರ ಮಾತಿನ ಜೊತೆ ಬಂತು ಅನ್ನುವುದೇ ಮರೆತುಹೋಗಿರುತ್ತಿತ್ತು.

ನಾನು ಡಾಕ್ಟರಲ್ಲ, ದಿನಸಿ ಅಂಗಡಿಯವನು. ತಕ್ಕಡಿಯ ಈಚೆ ನಿಂತು ಕಂಡದ್ದಷ್ಟೇ ಹೇಳುತ್ತೇನೆ.

2020ರ ಮಾರ್ಚ್ 27ರಂದು ನಮ್ಮ ಜಿಲ್ಲೆಯ ಶಿರಾದ ಹಿರಿಯರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂತು. ಅಲ್ಲಿಯವರೆಗೆ ಟಿವಿಯೊಳಗಿದ್ದ ರೋಗ ಹೆದ್ದಾರಿಯಲ್ಲಿ ಇಳಿದು ಊರೊಳಕ್ಕೆ ನಡೆದು ಬಂದಂತಾಯಿತು. ಮಾಸ್ಕಿಗೆ ಕೇಂದ್ರ ಸರ್ಕಾರ ಅದಾಗಲೇ ಬೆಲೆ ಕಟ್ಟಿತ್ತು: ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10. ಬೆಲೆಯೇನೋ ಸರಿಯಾಗಿತ್ತು, ಆ ಬೆಲೆಗೆ ಸರಕು ಸಿಗಬೇಕಲ್ಲ! ಕೊನೆಗೆ ನಮ್ಮ ಬೀದಿಗೆ ದಾರಿ ತೋರಿಸಿದ್ದು ರವಿಕೆ ಕಣ. ಅರಿಶಿನ ಕುಂಕುಮದ ಜೊತೆ ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಷಗಟ್ಟಲೆ ತಿರುಗುತ್ತಾ, ಯಾರ ಮೈಯನ್ನೂ ಏರದ ಆ ಕಣಗಳಿಗೆ ಅಂತೂ ಹೊಲಿಗೆ ಭಾಗ್ಯ ಬಂತು. ಎದುರು ಸಾಲಿನ ಟೈಲರಮ್ಮ ಅದರಲ್ಲೇ ಮಾಸ್ಕ್ ಹೊಲಿದು ಕೊಟ್ಟರು. ಗಂಡಸರೆಲ್ಲ ಜರಿ ಅಂಚಿನ ಮಾಸ್ಕ್ ಹಾಕಿಕೊಂಡು ಬೇಳೆ ಕೊಳ್ಳಲು ಬಂದ ಕಾಲ ಅದು.

ಮಾಸ್ಕ್ ಸಿಕ್ಕಿತು. ಅದನ್ನು ಮೂಗಿನ ಮೇಲೆ ನಿಲ್ಲಿಸುವುದು ಬೇರೆಯದೇ ಪಾಡು. 'ಮಾಸ್ಕ್ ಇಲ್ಲದವರಿಗೆ ಸಾಮಾನು ಇಲ್ಲ' ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿದೆ. ಅದರ ಕೆಳಗೇ ನಿಂತು ಜನ ಕೆಮ್ಮಿದರು. ಹೇಳೋಣವೆಂದರೆ ಎದುರಿಗೆ ಇರುವವರು ಯಾರು? ಮೂವತ್ತು ವರ್ಷದ ಗಿರಾಕಿ. "ನಿಮ್ಮಪ್ಪ ಅಂಗಡಿ ಇಟ್ಟಾಗಿನಿಂದ ಬರ್ತಾ ಇದೀನಿ, ನನಗೇ ಹೇಳ್ತೀಯೇನೋ?" ಅಂದರೆ ಬಾಯಿ ಕಟ್ಟಿಹೋಗುತ್ತದೆ. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆ ನಿಮಗೂ ಗೊತ್ತು, ರೇಡಿಯೋದಲ್ಲಿ ಪೂರ್ತಿ ಹೇಳುವುದು ಬೇಡ.

ಇನ್ನೊಬ್ಬರು ಪೇಪರ್ ಓದುವವರು. "ವಿಶ್ವ ಆರೋಗ್ಯ ಸಂಸ್ಥೆಯೇ ಆರೋಗ್ಯವಾಗಿರೋರಿಗೆ ಬೇಡ ಅಂದಿತ್ತಲ್ಲ ಶೆಟ್ರೇ" ಅನ್ನುತ್ತಿದ್ದರು. ಮೊದಲು ಹಾಗಂದಿದ್ದು ನಿಜ. 2020ರ ಜೂನ್ 5ರಂದು ಆ ಸಂಸ್ಥೆ ಮಾತು ಬದಲಿಸಿ, ದೂರ ನಿಲ್ಲಲಾಗದ ಕಡೆ ಎಲ್ಲರೂ ಹಾಕಿಕೊಳ್ಳಲಿ, ಬಟ್ಟೆಯದಾದರೆ ಮೂರು ಪದರ ಇರಲಿ ಎಂದಿತು. ನಮ್ಮ ಪೇಪರ್ ಓದುಗರಿಗೆ ಆ ದಿನದ ಸಂಚಿಕೆ ಮಾತ್ರ ತಲುಪಿರಲಿಲ್ಲ.

ದಂಡದ ಕಥೆ ಚಿಕ್ಕದು. ಆ ವರ್ಷ ನಗರಗಳಲ್ಲಿ ಸಾವಿರ ರೂಪಾಯಿಗೆ ಏರಿಸಿದರು, ಜನ ಕೂಗಾಡಿದ ಮೇಲೆ ಅಕ್ಟೋಬರ್‌ನಲ್ಲಿ 250ಕ್ಕೆ ಇಳಿಸಿದರು. ಪಾಲಿಕೆಯ ಜೀಪು ತಿರುವಿನಲ್ಲಿ ಕಂಡರೆ ಗದ್ದದ ಮೇಲಿದ್ದ ಮಾಸ್ಕುಗಳೆಲ್ಲ ಮೇಷ್ಟ್ರು ಬಂದಾಗ ಎದ್ದು ನಿಲ್ಲುವ ಹುಡುಗರ ಹಾಗೆ ಒಟ್ಟಿಗೆ ಮೇಲೇಳುತ್ತಿದ್ದವು. ಜೀಪು ಹೋಯಿತು, ಹುಡುಗರು ಕೂತರು.

ಅಂಗಡಿಯಲ್ಲಿ ಮಾಸ್ಕ್ ಇಳಿಯುತ್ತಿದ್ದದ್ದು ಯಾವಾಗ ಅಂತ ಗಮನಿಸಿದ್ದೀರಾ? ಬಾಯಿ ತೆರೆಯುವಾಗ. ಬೀದಿಯುದ್ದಕ್ಕೂ ಭದ್ರವಾಗಿ ಹಾಕಿಕೊಂಡು ಬಂದವರು ನನ್ನೆದುರು ನಿಂತು, ಒಂದು ಬೆರಳಲ್ಲಿ ಅದನ್ನು ಕೆಳಗೆಳೆದು, "ಕಾಲು ಕೆಜಿ ಬೆಲ್ಲ" ಅನ್ನುತ್ತಿದ್ದರು. ಬಾಯಿಂದ ಹನಿ ಹಾರುವುದೇ ಮಾತಾಡುವಾಗ, ದನಿ ಏರಿಸಿದರೆ ಇನ್ನೂ ಹೆಚ್ಚು. ಮಳೆ ಬಂದ ಕೂಡಲೇ ಕೊಡೆ ಮಡಚಿದ ಹಾಗಲ್ಲವೇ ಇದು? ಆದರೆ ಅವರನ್ನೇ ದೂರುವಂತಿಲ್ಲ. ಮಾಸ್ಕಿನೊಳಗಿಂದ ಬಂದ 'ಕಾಲು' ನನಗೆ 'ನಾಲ್ಕು' ಅಂತ ಕೇಳಿಸಿ, ನಾಲ್ಕು ಕೆಜಿ ಅಚ್ಚುಬೆಲ್ಲ ತೂಗಿಟ್ಟು ನಗೆಪಾಟಲಾಗಿದ್ದೇನೆ. ಅಂದಿನಿಂದ ಚೀಟಿ ಬರೆದು ತನ್ನಿ ಎಂದೆ. ಅದೊಂದು ಉಪಾಯ ತಕ್ಕಮಟ್ಟಿಗೆ ಫಲಿಸಿತು.

ಚೀಟಿ ನಡೆಯದ್ದು ಒಬ್ಬ ಅಜ್ಜಿಯ ಹತ್ತಿರ. ಅವರಿಗೆ ಓದು ಬಾರದು, ಕಿವಿಯೂ ಮಂದ. ಅಷ್ಟು ವರ್ಷ ಅವರು ನನ್ನ ಮಾತನ್ನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು ಅನ್ನುವುದು ನಾನು ತುಟಿ ಮುಚ್ಚಿಕೊಂಡ ಮೇಲೇ ತಿಳಿದದ್ದು. "ಯಾಕಪ್ಪಾ ಮಾತು ಬಿಟ್ಬಿಟ್ಟೆ?" ಅಂತ ನೊಂದುಕೊಂಡರು. ಆಮೇಲೆ ಅವರಿಗೆ ಬೆರಳಲ್ಲೇ ಲೆಕ್ಕ ತೋರಿಸಿದೆ.

2021ರ ಎರಡನೆಯ ಅಲೆಯಲ್ಲಿ ದಿನಸಿ ಅಂಗಡಿಗಳಿಗೆ ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅವಕಾಶ ಕೊಟ್ಟರು. ಗುಂಪು ತಪ್ಪಿಸಲು ಮಾಡಿದ ನಿಯಮ, ದಿನವಿಡೀ ಹಂಚಿ ಬರುತ್ತಿದ್ದ ಜನರನ್ನು ನಾಲ್ಕು ಗಂಟೆಯೊಳಗೆ ತುರುಕಿತು. ಹೊತ್ತು ಕಡಿಮೆ ಮಾಡುವ ಬದಲು ಹೆಚ್ಚಿಸಬೇಕಿತ್ತು ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾರೆ. ಅವರೆಲ್ಲರ ಉಸಿರನ್ನು ಕುಡಿಯುವವರು ನಾನು ಮತ್ತು ನನ್ನ ಅಂಗಡಿ ಹುಡುಗ. ಆ ಮೇ ತಿಂಗಳಲ್ಲಿ ಮೊದಲು ಅವನು, ಮೂರು ದಿನ ಬಿಟ್ಟು ನಾನು ಮಲಗಿದೆವು. ಇಬ್ಬರೂ ಎದ್ದೆವು. ನಮ್ಮ ಸಾಲದ ಪುಸ್ತಕದಲ್ಲಿ ಹೆಸರಿದ್ದ ಕೆಲವರು ಏಳಲಿಲ್ಲ. ಆ ಹಾಳೆಗಳ ಬಾಕಿಯನ್ನು ನಾನು ಕೇಳಲಿಲ್ಲ.

ಮತ್ತೆ ಬಾಗಿಲು ತೆಗೆದಾಗ ರಟ್ಟಿನ ಬೋರ್ಡ್ ಇಳಿಸಿಬಿಟ್ಟೆ. ಮೂರು ಪದರದ ಮಾಸ್ಕಿನ ಡಬ್ಬಿಯೊಂದನ್ನು ಗಲ್ಲಾದ ಮೇಲಿಟ್ಟೆ. ಬರಿ ಮುಖದಲ್ಲಿ ಬಂದವರಿಗೆ ಮಾತಾಡುವ ಮೊದಲೇ ಒಂದನ್ನು ಕೈಗೆ ಕೊಟ್ಟು, "ಇವತ್ತಿನ ಕೊಸರು ಅಣ್ಣ, ಮೊದಲೇ ಕೊಡ್ತಿದೀನಿ" ಎನ್ನುತ್ತಿದ್ದೆ. ಕೊಸರು ಬೇಡ ಅನ್ನುವ ಗಿರಾಕಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕೈಯಾರೆ ಕೊಟ್ಟದ್ದನ್ನು ಎದುರಿಗೇ ಜೇಬಿಗೆ ಹಾಕಿಕೊಳ್ಳಲು ಅವರಿಗೂ ದಾಕ್ಷಿಣ್ಯ. ನನ್ನ ಬಾಯಿ ಕಟ್ಟಿದ್ದ ದಾಕ್ಷಿಣ್ಯವೇ ಅವರ ಬಾಯಿಗೆ ಮಾಸ್ಕ್ ಕಟ್ಟಿತು.

ನನ್ನದು ವ್ಯಾಪಾರಿ ಬುದ್ಧಿ ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಬಾಂಗ್ಲಾದೇಶದ ಒಂದು ದೊಡ್ಡ ಪರೀಕ್ಷೆಯ ವಿಷಯ ತಿಳಿಯಿತು. 600 ಹಳ್ಳಿಗಳು, ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ವಯಸ್ಕರು. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕನ್ನು ಪುಕ್ಕಟೆ ಕೊಟ್ಟು, ಊರಿನ ಹಿರಿಯರಿಂದ ಹೇಳಿಸಿ, ಸಂತೆಯಲ್ಲಿ ಎದುರಿಗೇ ನಿಂತು ನೆನಪಿಸಿದರು. ಸರಿಯಾಗಿ ಹಾಕಿಕೊಳ್ಳುವವರು ಉಳಿದ ಹಳ್ಳಿಗಳಲ್ಲಿ ನೂರಕ್ಕೆ 13, ಈ ಹಳ್ಳಿಗಳಲ್ಲಿ 42. ಲಕ್ಷಣವಿದ್ದು ರಕ್ತ ಪರೀಕ್ಷೆಯಲ್ಲಿ ಖಚಿತವಾದ ಸೋಂಕು ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಯಿತು. ಆಸ್ಪತ್ರೆಯವರು ಹಾಕುವಂಥ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಅರವತ್ತು ದಾಟಿದವರಿಗೆ ಲಾಭ ಇನ್ನೂ ಹೆಚ್ಚು, ಮೂರನೇ ಒಂದು ಪಾಲಿನಷ್ಟು. ಬಟ್ಟೆಯದರಿಂದ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಪಾಪ, ನಮ್ಮ ರವಿಕೆ ಕಣ.

ಈಗ ಆ ಡಬ್ಬಿ ಮೇಲಿನ ಗೂಡಿನಲ್ಲಿದೆ. ಮೆಣಸಿನಕಾಯಿ ಚೀಲ ಬಿಚ್ಚುವ ದಿನ ಹುಡುಗ ಅದರಿಂದ ಒಂದು ಎಳೆದುಕೊಳ್ಳುತ್ತಾನೆ.

ನಾನು ಮೊದಲ ಸಲ ಮಾಸ್ಕಿಲ್ಲದೆ ನಿಂತ ದಿನ ಆ ಅಜ್ಜಿ ಬಂದಿದ್ದರು. ನನ್ನ ಬಾಯನ್ನೇ ಬಹಳ ಹೊತ್ತು ನೋಡಿದರು. "ಮೀಸೆ ಯಾವಾಗ ಬೆಳ್ಳಗಾಯ್ತಪ್ಪಾ?" ಅಂದರು. ಏನು ಹೇಳಲಿ? ಕಾಲು ಕೆಜಿ ಬೆಲ್ಲ ಕಟ್ಟಿಕೊಟ್ಟೆ. ಅವರು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಕೈ ಮುಂದೆಯೇ ಹಿಡಿದಿದ್ದರು.

"ಕೊಸರು?"

ಬೆಲ್ಲದ ಚೂರೊಂದನ್ನು ಅಂಗೈಗೆ ಹಾಕಿದೆ.