ಹಳೇ ಜೂಮ್ ಲೆನ್ಸ್, ಹೊಸ ಕ್ಯಾಮೆರಾ

ನಮಸ್ಕಾರ. ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೇಲೆ ಜೇಬು ಖಾಲಿ. ಆಗ ಕಣ್ಣು ಹಳೇ ಮ್ಯಾನುಯಲ್ ಜೂಮ್‌ಗಳ, ಅಂದರೆ ಕೈಯಲ್ಲೇ ಫೋಕಸ್ ಮಾಡುವ ಜೂಮ್ ಲೆನ್ಸ್‌ಗಳ ಮೇಲೆ ಬೀಳುತ್ತದೆ, ಅಲ್ವಾ? ತುಮಕೂರಿನ ಹುಡುಗರು ಕೇಳುತ್ತಿರುತ್ತಾರೆ: ‘ಸಾರ್, 35-70 ತಗೊಳ್ಳಲಾ, 70-210 ತಗೊಳ್ಳಲಾ?’ ಇವು ಲೆನ್ಸಿನ ಮಿಲಿಮೀಟರ್ ಲೆಕ್ಕ; ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.

ಏನು ತೆಗೀತೀಯಪ್ಪ ಅನ್ನುತ್ತೇನೆ ನಾನು. ಸಿದ್ಧಗಂಗೆಯ ದನಗಳ ಜಾತ್ರೆಗೆ 35-70 ಸಾಕು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಬಣ್ಣದ ಕೊಕ್ಕರೆಗಾದರೆ 70-210. ಅವು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಮೊಳದುದ್ದದ ಲೆನ್ಸ್ ಬೇಕಿಲ್ಲ. ಮೈದನಹಳ್ಳಿಯ ಕೃಷ್ಣಮೃಗಕ್ಕೆ ಮಾತ್ರ ಇವೆರಡೂ ಸಾಲವು.

70-210ರಲ್ಲಿ ಹೆಸರು ಮಾಡಿದ್ದು ವಿವಿಟಾರ್ ಸೀರೀಸ್ ಒನ್. ಕಂಪನಿ ಅಮೆರಿಕದ್ದು, ಲೆನ್ಸ್ ಮಾಡಿಕೊಟ್ಟವರು ಜಪಾನಿನವರು. ಸೀರಿಯಲ್ ನಂಬರ್ 22ರಿಂದ ಶುರುವಾದರೆ ಕೀನೋ, 37 ಆದರೆ ಟೋಕಿನಾ, 28 ಆದರೆ ಕೊಮೀನ್. ಮೊದಲೆರಡರಲ್ಲಿ ಜೂಮ್ ಉದ್ದಕ್ಕೂ ಎಫ್ 3.5 (ಬೆಳಕು ಬಿಡುವ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಕೊಮೀನ್‌ನದು 2.8ರಲ್ಲಿ ಶುರುವಾಗಿ 4ಕ್ಕೆ ಹೋಗುತ್ತದೆ. ಯಾವುದು ಮೇಲು ಅನ್ನುವ ಜಗಳ ಮುಗಿಯುವಂಥದ್ದಲ್ಲ. ನಾನು ನೋಡುವುದು ಉಂಗುರವನ್ನು. ಮೂರಕ್ಕೂ ಒಂದೇ ಉಂಗುರ: ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಎಳೆದರೆ ಜೂಮ್. ವಯಸ್ಸಾದಂತೆ ಅದು ಸಡಿಲವಾಗುತ್ತದೆ. ಮರದ ಕಡೆ ಎತ್ತಿ ಹಿಡಿದರೆ ತಾನೇ ಜಾರಿ ಕೆಳಗೆ ಬರುತ್ತದೆ. ಕೊಳ್ಳುವ ಮುಂಚೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಹಿಡಿದು ನೋಡಿ. ಮಿನೋಲ್ಟಾ ಎಂಡಿ 35-70 ಎಫ್ 3.5ರಲ್ಲಿ ಜೂಮಿಗೂ ಫೋಕಸಿಗೂ ಬೇರೆ ಬೇರೆ ಉಂಗುರ. ಈ ತಲೆನೋವಿಲ್ಲ.

ಇನ್ನು ಅಡಾಪ್ಟರ್, ಹಳೇ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ಬಳೆ. ಮಿನೋಲ್ಟಾ ಲೆನ್ಸ್ ಸೆನ್ಸರಿನಿಂದ 43.5 ಮಿಲಿಮೀಟರ್ ದೂರದಲ್ಲಿ ಕೂರಬೇಕು. ಸೋನಿ ಮಿರರ್‌ಲೆಸ್‌ನಲ್ಲಿ ಲೆನ್ಸ್ ಕೂರುವ ಬಾಯಿ, ಅಂದರೆ ಇ ಮೌಂಟ್, ಇರುವುದು 18ರಲ್ಲಿ. ನಡುವಿನ 25.5 ಅಡಾಪ್ಟರಿನ ಕೆಲಸ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆ ದೂರವೇ 44. ಅರ್ಧ ಮಿಲಿಮೀಟರಿನಲ್ಲಿ ಕೆಲಸ ಕೆಟ್ಟಿತು, ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ ಬೆಟ್ಟ ಫೋಕಸ್ ಆಗುವುದೇ ಇಲ್ಲ.

ಅಗ್ಗದ ಅಡಾಪ್ಟರ್‌ಗಳು ಎಷ್ಟೋ ಸಲ ಒಂದೆಳೆ ಗಿಡ್ಡ ಇರುತ್ತವೆ. ಜೂಮ್ ಅಲ್ಲದ ಲೆನ್ಸಿಗೆ ಅದೇನೂ ದೊಡ್ಡದಲ್ಲ. ಜೂಮಿಗೆ ಹಾಗಲ್ಲ. 210ಕ್ಕೆ ಎಳೆದು ಫೋಕಸ್ ಮಾಡಿ 70ಕ್ಕೆ ಬಂದರೂ ಫೋಕಸ್ ಅಲ್ಲೇ ನಿಲ್ಲುವುದು ಆ ಕಾಲದ ಒಳ್ಳೆ ಜೂಮ್‌ಗಳ ದೊಡ್ಡ ಸುಖ. ಗಿಡ್ಡ ಅಡಾಪ್ಟರ್ ಅದನ್ನೇ ಕಿತ್ತುಕೊಳ್ಳುತ್ತದೆ. ಬೈಸಿಕೊಳ್ಳುವುದು ಮಾತ್ರ ಲೆನ್ಸ್!

ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ಸೌಲಭ್ಯ) ಬೇಕಾದರೆ ಎಷ್ಟು ಮಿಲಿಮೀಟರ್ ಅಂತ ಮೆನುವಿನಲ್ಲಿ ನೀವೇ ಹಾಕಬೇಕು, ಜೂಮ್ ಬದಲಿಸಿದಾಗಲೆಲ್ಲ. ಅಷ್ಟು ತಾಳ್ಮೆ ಯಾರಿಗಿದೆ? ನಾನು ಅದನ್ನು ಆಫ್ ಮಾಡಿ, ಬಿಸಿಲಿದ್ದರೆ ಶಟರ್ 1/500 ಸೆಕೆಂಡಿಗೆ ಇಟ್ಟುಬಿಡುತ್ತೇನೆ.

ಕೊನೆಗೆ ಟಾರ್ಚ್. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಒಂದೆರಡು ಚೂರು ಧೂಳಿಗೆ ಹೆದರಬೇಡಿ. ಜೇಡರ ಬಲೆಯಂಥ ಫಂಗಸ್ ಕಂಡರೆ ವಾಪಸ್ ಕೊಟ್ಟುಬಿಡಿ. ಜೂಮಿನೊಳಗೆ ಗಾಜುಗಳು ಜಾಸ್ತಿ. ಬಿಚ್ಚಿ ಒರೆಸಿ ಮತ್ತೆ ಸರಿಯಾಗಿ ಕೂರಿಸುವ ಖರ್ಚು ಲೆನ್ಸಿನ ಬೆಲೆಯನ್ನೇ ದಾಟಬಹುದು.